ಯಾರೂ ಸತ್ತಿಲ್ಲ ಎಂಬ ಡಂಗುರ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಓಡುವುದು ಕಂಡರೆ ಬಾಯಿ ನನ್ನ ಮಾತು ಕೇಳುವುದಿಲ್ಲ. ಕೊಪ್ಪಳದಲ್ಲಿ ಈಗ ನಾನಿರುವ ಮನೆಯ ಹತ್ತಿರ ಒಂದು ಮೈದಾನವಿದೆ. ಬೆಳಿಗ್ಗೆ ಎದ್ದು ನಡೆಯಿರಿ ಎಂದು ಸಕ್ಕರೆ ಕಾಯಿಲೆಯ ಡಾಕ್ಟರು ಹೇಳಿದ್ದಾರೆ, ನಡೆಯುತ್ತೇನೆ. ನನ್ನ ಸುತ್ತ ಹುಡುಗ ಹುಡುಗಿಯರು ಕಿವಿಯಲ್ಲಿ ಏನನ್ನೋ ತುರುಕಿಕೊಂಡು ಓಡುತ್ತಿರುತ್ತಾರೆ. ಮೊನ್ನೆ ಒಬ್ಬಳು ಏದುಸಿರು ಬಿಡುತ್ತ ನನ್ನ ಪಕ್ಕಕ್ಕೆ ಬಂದಳು. “ಯಾಕವಾ, ಯಾರಿಗೆ ಏನಾತು?” ಎಂದು ಕೇಳಿಯೇಬಿಟ್ಟೆ. ಪಾಪ, ಅವಳು ಕಿವಿಯಲ್ಲಿದ್ದುದನ್ನು ಕಿತ್ತು, “ಏನ್ ಅಂಕಲ್?” ಎಂದಳು. “ಏನಿಲ್ಲವಾ, ಓಡು” ಎಂದೆ. ಓಡಿದಳು. ಮಾರನೆಯ ದಿನದಿಂದ ನಾನು ಬರುವುದು ಕಂಡರೆ ಮೈದಾನದ ಆಚೆ ಬದಿಗೆ ಹೋಗುತ್ತಾಳೆ.

ಇದರಲ್ಲಿ ಅರ್ಧ ತಪ್ಪು ನನ್ನದು, ಉಳಿದರ್ಧ ನಾನು ಹುಟ್ಟಿದ ಸೀಮೆಯದು. ಬೇವೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಮೀಸೆ ಬಂದ ಗಂಡಸು ಓಡುತ್ತಿದ್ದರೆ ಅದಕ್ಕೊಂದು ಕಾರಣ ಇರಲೇಬೇಕಿತ್ತು. ಹೋರಿ ಹಗ್ಗ ಹರಿದುಕೊಂಡಿರಬೇಕು, ಇಲ್ಲವೇ ಬಣವೆಗೆ ಬೆಂಕಿ ಬಿದ್ದಿರಬೇಕು, ಇಲ್ಲವೇ ಹೊಟ್ಟೆ ಕೆಟ್ಟಿರಬೇಕು. ಈ ಮೂರೂ ಅಲ್ಲವೆಂದರೆ ಯಾರೋ ಸತ್ತಿದ್ದಾರೆ ಎಂದೇ ಲೆಕ್ಕ. ಆರೋಗ್ಯಕ್ಕಾಗಿ ಓಡುತ್ತೇನೆ ಎಂದು ನಮ್ಮಜ್ಜಿಯ ಎದುರು ಯಾರಾದರೂ ಹೇಳಿದ್ದರೆ, ಇದ್ದಬದ್ದ ಆರೋಗ್ಯವೂ ಕೆಟ್ಟಿದೆಯೆಂದು ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು.

ಸತ್ತ ಸುದ್ದಿ ಒಯ್ಯುವ ಕೆಲಸ ಊರಿನ ವಾಲೀಕಾರನದು. ವಾಲೀಕಾರನೆಂದರೆ ಊರ ಚಾವಡಿಯ ಆಳು. ಡಂಗುರ ಸಾರುವವನು ಅವನೇ, ಗೌಡರು ಕರೆದರೆಂದು ಮನೆಮನೆಗೆ ಹೋಗಿ ಹೇಳುವವನು ಅವನೇ. ಯಾರಾದರೂ ತೀರಿಕೊಂಡರೆ ಸುತ್ತಲಿನ ಊರುಗಳಲ್ಲಿರುವ ಬೀಗರು ಬಿಜ್ಜರಿಗೆ, ಮಣ್ಣು ಮಾಡುವ ಹೊತ್ತಿಗೆ ಬಂದು ಮುಟ್ಟುವ ಹಾಗೆ ಸುದ್ದಿ ಕೊಡುವವನೂ ಅವನೇ. ತಂತಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಯಲಬುರ್ಗಿಯಿಂದ ಹೊರಟ ತಂತಿ ನಮ್ಮೂರಿಗೆ ಬರುವಷ್ಟರಲ್ಲಿ ಸತ್ತವರ ಒಂಬತ್ತನೆಯ ದಿನದ ಕಾರ್ಯ ಮುಗಿದಿರುತ್ತಿತ್ತು. ಒಳ್ಳೆಯ ಸುದ್ದಿಗೆ ವಾಲೀಕಾರ ಬೇಕಿರಲಿಲ್ಲ. ಹೆರಿಗೆಯಾಯಿತು, ಹೆಣ್ಣು ಗೊತ್ತಾಯಿತು ಎಂಬಂಥವಕ್ಕೆ ಅವಸರವೇನಿದೆ? ಅವು ಸಕ್ಕರೆ ಪೊಟ್ಟಣದ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದವು.

ಸಾವಿನ ಸುದ್ದಿಗೆ ತನ್ನದೇ ಕಟ್ಟಳೆಗಳಿದ್ದವು. ಸುದ್ದಿ ತಂದವನು ಸತ್ತರು ಎನ್ನುವಂತಿಲ್ಲ. “ಜರಾ ಆರಾಮಿಲ್ಲ, ಕರ್ಕೊಂಡ ಬಾ ಅಂದಾರ” ಎನ್ನಬೇಕು. ಕೇಳಿದವರು ಎದೆ ಬಡಿದುಕೊಂಡು, “ಖರೇ ಹೇಳೋ, ಅದಾರೋ ಇಲ್ಲೋ?” ಎಂದರೂ, “ಅದಾರ್ರಿ, ಆರಾಮ ಅದಾರ, ನೀವು ಹೊಂಡ್ರಿ” ಎಂದೇ ಹೇಳಬೇಕು. ಹೀಗಾಗಿ ಆರಾಮ ಅದಾರ ಎಂಬ ಮಾತು ಕಿವಿಗೆ ಬಿದ್ದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಇನ್ನೊಂದು ಕಟ್ಟಳೆ, ಸುದ್ದಿ ಹೇಳಿದ ಮನೆಯಲ್ಲಿ ವಾಲೀಕಾರ ಕೂಡುವಂತಿಲ್ಲ, ಒಂದು ಗುಟುಕು ನೀರು ಕುಡಿಯುವಂತಿಲ್ಲ, ತುತ್ತು ಅನ್ನ ಮುಟ್ಟುವಂತಿಲ್ಲ. ಕಟ್ಟೆಯ ಕೆಳಗೆ ನಿಂತು ಹೇಳಿ ಹಾಗೆಯೇ ತಿರುಗಿ ಹೋಗಬೇಕು. ದಾರಿಯ ಹಳ್ಳದಲ್ಲಿ ಬೊಗಸೆ ನೀರು ಸಿಕ್ಕರೆ ಸಿಕ್ಕಿತು. ಅವನ ಜಾತಿಯವರನ್ನು ನಾವು ಉಳಿದ ದಿನಗಳಲ್ಲಿಯೂ ಕಟ್ಟೆಯ ಮೇಲೆ ಕೂಡಿಸುತ್ತಿರಲಿಲ್ಲ. ಸಾವಿನ ಕಟ್ಟಳೆ ಮೊದಲು ಹುಟ್ಟಿತೋ ಈ ರೂಢಿ ಮೊದಲು ಹುಟ್ಟಿತೋ ಎಂದು ಆಗ ನಾನು ಕೇಳಿಕೊಂಡವನಲ್ಲ.

ನಮ್ಮೂರ ವಾಲೀಕಾರನ ಮಗ ದುರ್ಗಪ್ಪ. ನಾಲ್ಕನೆಯ ಇಯತ್ತೆಯವರೆಗೆ ನಾನೂ ಅವನೂ ಒಂದೇ ಸಾಲಿಯಲ್ಲಿದ್ದೆವು. ನಾನು ಗೋಡೆಗೆ ಒರಗಿ ಕೂಡುತ್ತಿದ್ದೆ, ಅವನು ಬಾಗಿಲ ಹತ್ತಿರ. ಮಗ್ಗಿಯಲ್ಲಿ ಹದಿಮೂರರಾಚೆ ದಾಟಿದವನಲ್ಲ. ಆದರೆ ಮಾಸ್ತರರು ನಶ್ಯ ತರಲು ಕಳಿಸಿದರೆ, ಅವರು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದ. ಅವನಪ್ಪನ ಮೊಣಕಾಲು ಕೆಟ್ಟ ವರ್ಷ ಸಾಲಿ ಬಿಟ್ಟು ಅಪ್ಪನ ಗೆಜ್ಜೆ ಕಟ್ಟಿದ ಕೋಲು ಹಿಡಿದ. ಅವನ ಎದೆಯುದ್ದ ಇತ್ತು ಆ ಕೋಲು. ಹೊಲದ ದಾರಿಯಲ್ಲಿ ಗೆಜ್ಜೆ ಸಪ್ಪಳ ಕೇಳಿದರೆ ಕಳೆ ತೆಗೆಯುತ್ತಿದ್ದ ಹೆಂಗಸರು ಸಾಲಿನಲ್ಲಿ ಎದ್ದು ನಿಲ್ಲುತ್ತಿದ್ದರು. ಅವನು ಯಾರ ಊರಿನ ದಾರಿ ಹಿಡಿಯುತ್ತಾನೆ ಎಂದು ನೋಡಿ, ತಮ್ಮದಲ್ಲವೆಂದಾದರೆ ಮತ್ತೆ ಕೂಡುತ್ತಿದ್ದರು.

ನಾನು ಓದಿ, ಫೇಲಾಗಿ, ಮತ್ತೆ ಓದಿ, ಯಲಬುರ್ಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ಆಗಿನ್ನೂ ರಾಯಚೂರು ಜಿಲ್ಲೆ. ನನ್ನ ಆಸ್ತಿಯೆಂದರೆ ಮಾವ ಮದುವೆಯಲ್ಲಿ ಕೊಟ್ಟ ಕೈಗಡಿಯಾರ. ದಿನಾ ಬೆಳಿಗ್ಗೆ ರೇಡಿಯೋ ಸಮಯಕ್ಕೆ ಅದನ್ನು ಸರಿಮಾಡಿಕೊಳ್ಳುತ್ತಿದ್ದೆ. ದವಾಖಾನೆಗೆ ಬಂದ ಎತ್ತಿನ ನಾಡಿಯನ್ನು ಸೆಕೆಂಡಿನ ಮುಳ್ಳು ನೋಡಿ ಎಣಿಸುವಾಗ ನನಗೆ ಬರುತ್ತಿದ್ದ ಬಿಗುಮಾನ ಡಾಕ್ಟರರಿಗೂ ಬರುತ್ತಿರಲಿಲ್ಲ.

ಡಾಕ್ಟರು ಮೈಸೂರು ಕಡೆಯವರು. ನಮ್ಮ ಸೀಮೆಯ ಬಿಸಿಲನ್ನೂ ಖಾರವನ್ನೂ ಬೈಯುತ್ತಲೇ ಎರಡನ್ನೂ ರೂಢಿಸಿಕೊಂಡಿದ್ದರು. ಕಾಲೇಜಿನಲ್ಲಿ ಓಟಗಾರರಾಗಿದ್ದರಂತೆ. ಒಂದು ದಿನ ಪತ್ರಿಕೆಯ ಹಾಳೆಯೊಂದನ್ನು ಮೇಜಿನ ಮೇಲೆ ಹರವಿದರು. ಬೊಂಬಾಯಿಯಲ್ಲಿ ದೊಡ್ಡ ಮ್ಯಾರಥಾನ್ ನಡೆಯಲಿದೆ, ದೇಶವಿದೇಶದವರು ಓಡುತ್ತಾರೆ. ಆದರೆ ಬಂದವರನ್ನೆಲ್ಲ ಸೇರಿಸಿಕೊಳ್ಳುವುದಿಲ್ಲ. ನಲವತ್ತೆರಡು ಕಿಲೋಮೀಟರ್ ನೂರ ತೊಂಬತ್ತೈದು ಮೀಟರನ್ನು ಮೂರೂವರೆ ತಾಸಿನೊಳಗೆ ಓಡಿದ್ದೇನೆಂದು ಗೆಜೆಟೆಡ್ ಅಧಿಕಾರಿಯ ಸಹಿ ಸಿಕ್ಕಾದೊಂದಿಗೆ ದಾಖಲೆ ಕಳಿಸಬೇಕು.

“ನಲವತ್ತೆರಡು ಸಾಲ್ದೇನ್ರಿ? ಮ್ಯಾಲ ಈ ಚಿಲ್ಲರೆ ಯಾಕ?” ಎಂದೆ.

“ಅದೆಲ್ಲ ಬಿಡಿ ವೀರಣ್ಣ. ಗೆಜೆಟೆಡ್ ಅಧಿಕಾರಿ ನಾನೇ ಇದ್ದೀನಿ. ಓಡುವವರು ಬೇಕು ಅಷ್ಟೇ” ಎಂದರು ಡಾಕ್ಟರು. ಮನುಷ್ಯರ ಓಟಕ್ಕೆ ದನದ ದವಾಖಾನೆಯ ಸಿಕ್ಕಾ ಬೀಳುವುದರಲ್ಲಿ ಅವರಿಗೇನೂ ವಿಚಿತ್ರ ಕಾಣಲಿಲ್ಲ.

ಓಡುವವರು ಮೊದಲು ನಾವಿಬ್ಬರೇ. ಮಾರನೆಯ ಮುಂಜಾನೆ ಕುಕನೂರು ರಸ್ತೆ ಹಿಡಿದು ಹೊರಟೆವು. ಡಾಕ್ಟರು ಮುಂದೆ, ಎರವಲು ತಂದ ಕ್ಯಾನ್ವಾಸ್ ಬೂಟಿನಲ್ಲಿ ನಾನು ಹಿಂದೆ. ಊರ ಹೊರಗಿನ ಸೇತುವೆ ಮುಟ್ಟುವಷ್ಟರಲ್ಲಿ ನಮ್ಮ ಹಿಂದೆ ಗದ್ದಲ. ತಿರುಗಿ ನೋಡಿದರೆ ಏಳೆಂಟು ಜನ ಹಗ್ಗ, ಬಡಿಗೆ ಹಿಡಿದು ಓಡಿ ಬರುತ್ತಿದ್ದಾರೆ. ದನದ ದವಾಖಾನೆಯ ಡಾಕ್ಟರು, ಕಂಪೌಂಡರು ಇಬ್ಬರೂ ಓಡುತ್ತಿದ್ದಾರೆಂದರೆ ಮದ ಏರಿದ ಹೋರಿಯೊಂದು ತಪ್ಪಿಸಿಕೊಂಡಿದೆ ಎಂದು ಅವರ ತಿಳಿವಳಿಕೆ. “ಯಾ ಕಡಿ ಹೋತ್ರಿ?” ಎಂದು ಒಬ್ಬ ಕೇಳಿದ. ನಾನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಸುಮ್ಮನೆ ಮುಂದಕ್ಕೆ ಕೈ ಮಾಡಿದೆ. ಅವರು ನಮ್ಮನ್ನು ದಾಟಿ ಓಡಿಹೋದರು. ಇಲ್ಲದ ಹೋರಿಯನ್ನು ಎಲ್ಲಿಯವರೆಗೆ ಹುಡುಕಿದರೋ ಗೊತ್ತಿಲ್ಲ. ನನ್ನ ಓಟ ಅಲ್ಲಿಗೆ ಮುಗಿಯಿತು. ಮುಂದಿನ ವಾರ ಡಾಕ್ಟರರ ಕಾಲು ಉಳುಕಿ ಅವರದೂ ಮುಗಿಯಿತು.

ಆ ದಿನಗಳಲ್ಲಿಯೇ ನಮ್ಮ ಸೋದರತ್ತೆ ತೀರಿಕೊಂಡಳು. ಸುದ್ದಿ ತಂದವನು ದುರ್ಗಪ್ಪ. ನಮ್ಮೂರಿನಿಂದ ಯಲಬುರ್ಗಿ ಹತ್ತು ಮೈಲಿ. ಸಾವಿನ ಸುದ್ದಿ ಹೊತ್ತವನನ್ನು ಹತ್ತಿಸಿಕೊಂಡರೆ ಟಾಯರ್ ಒಡೆಯುತ್ತದೆಂದು ಆಗಿನ ಬಸ್ಸಿನವರ ನಂಬಿಕೆಯಾದ್ದರಿಂದ ಅವನು ಬಸ್ಸಿನ ತಂಟೆಗೆ ಹೋಗುತ್ತಿರಲಿಲ್ಲ. ದವಾಖಾನೆಯ ಮೆಟ್ಟಿಲ ಕೆಳಗೆ ನಿಂತು, “ನಿಮ್ಮ ಅತ್ತಿಯವರಿಗೆ ಜರಾ ಆರಾಮಿಲ್ರಿ ವೀರಣ್ಣಾರ” ಎಂದ. ನಾನು ಗೋಡೆ ಹಿಡಿದು ಅಳತೊಡಗಿದೆ. ಡಾಕ್ಟರರಿಗೆ ನಮ್ಮ ಕಟ್ಟಳೆ ಗೊತ್ತಿಲ್ಲ. ಆರಾಮಿಲ್ಲ ಅಂದರೆ ಔಷಧಿ ಕೊಡೋಣ, ಅಳುವುದೇಕೆ ಎಂದು ನನ್ನ ಮುಖ ನೋಡಿದರು. ಅಷ್ಟರಲ್ಲಿ ಅವರ ಗಮನ ಬೇರೆ ಕಡೆ ಹೋಯಿತು.

“ಊರು ಬಿಟ್ಟಿದ್ದು ಎಷ್ಟು ಹೊತ್ತಿಗಪ್ಪಾ?” ಎಂದು ದುರ್ಗಪ್ಪನನ್ನು ಕೇಳಿದರು.

“ಏಳರ ಬಸ್ ಹೊಂಟಾಗ್ರಿ.”

ಅವನು ಅದನ್ನು ಹೇಳಿ ಸ್ವಲ್ಪ ಹೊತ್ತಾದ ಮೇಲೆ ಆ ಏಳರ ಬಸ್ಸು ದವಾಖಾನೆಯ ಮುಂದೆ ಧೂಳೆಬ್ಬಿಸಿ ಹಾದುಹೋಯಿತು. ನಾನು ಅತ್ತೆಗಾಗಿ ಅಳುತ್ತಿದ್ದೆ, ಡಾಕ್ಟರು ನನ್ನ ಕೈ ಹಿಡಿದು ಗಡಿಯಾರ ನೋಡುತ್ತಿದ್ದರು.

ಮಣ್ಣು ಮುಗಿಸಿ ನಾನು ಕೆಲಸಕ್ಕೆ ಮರಳಿದ ಮೇಲೆ ಡಾಕ್ಟರು ಅವನನ್ನು ಕರೆಸಿದರು. ಬೊಂಬಾಯಿ, ಓಟ, ಮೂರೂವರೆ ತಾಸು ಎಲ್ಲವನ್ನೂ ವಿವರಿಸಿದರು. ದುರ್ಗಪ್ಪ ಮೆಟ್ಟಿಲ ಕೆಳಗೇ ಕುಕ್ಕರಗಾಲಲ್ಲಿ ಕೂತು ಕೇಳಿದ.

“ಅಲ್ಲಿ ಹೋಗಿ ಮುಟ್ಟಿದ ಮ್ಯಾಲ ಏನ ಹೇಳ್ಬೇಕ್ರಿ?” ಎಂದ.

“ಏನೂ ಹೇಳಬೇಕಾಗಿಲ್ಲ. ಓಡಿದರೆ ಸಾಕು.”

“ಯಾರಿಗೂ?”

“ಯಾರಿಗೂ.”

ಅವನು ನನ್ನ ಕಡೆ ತಿರುಗಿದ. “ಖರೇನ್ರಿ ವೀರಣ್ಣಾರ? ಅಷ್ಟ ದೂರ ಓಡಿ, ಯಾರಿಗೂ ಏನೂ ಹೇಳೂದಿಲ್ಲಾ?”

ಖರೆ ಎಂದೆ. ಆಮೇಲೆ ಅವನು ಆಡಿದ ಮಾತು ನನಗೆ ಈಗಲೂ ಹಾಗೆಯೇ ನೆನಪಿದೆ. “ಹತ್ತು ವರ್ಷದಾಂವ ಇದ್ದಾಗಿಂದ ಓಡಾಕ ಹತ್ತೀನ್ರಿ. ನಾ ಬರೂದು ನೋಡಿ ಒಬ್ರರ ನಕ್ಕಾರೇನು? ಒಂದ ಸಲನರ ಸುದ್ದಿ ಇಲ್ಲದ ಓಡಬೇಕ್ರಿ. ಯಾರು ಹೋದ್ರು ಅಂತ ಯಾರೂ ಕೇಳಬಾರದು.”

ಬೊಂಬಾಯಿಯ ಆಸೆ ಡಾಕ್ಟರರದು, ಗಡಿಯಾರದ ಜಂಬ ನನ್ನದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಯಲಬುರ್ಗಿಯಿಂದ ಕುಕನೂರು, ಭಾನಾಪುರ ದಾಟಿ ಕೊಪ್ಪಳದವರೆಗೆ ಕಿಲೋಮೀಟರ್ ಕಲ್ಲು ಎಣಿಸಿದೆವು. ಕಡಿಮೆ ಬಿದ್ದಷ್ಟನ್ನು ಕೊಪ್ಪಳದ ಮೈದಾನದಲ್ಲಿ ಸುತ್ತು ಹಾಕಿ ತುಂಬುವುದೆಂದು ಡಾಕ್ಟರು ಲೆಕ್ಕ ಹಾಕಿದರು. ಅವರು ಸ್ಕೂಟರಿನಲ್ಲಿ ಮುಂದೆ ಹೋಗಿ ಕೊಪ್ಪಳದಲ್ಲಿ ಕಾಯಬೇಕು. ನಾನು ಸೈಕಲ್ಲಿನ ಮೇಲೆ ದುರ್ಗಪ್ಪನ ಜೊತೆಗಿದ್ದು ವೇಳೆ ನೋಡಬೇಕು. ತೊಡಕು ಒಂದೇ. ನಮ್ಮೂರ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳು, ತಂದ ಊರುಗಳು ಆ ರಸ್ತೆಯುದ್ದಕ್ಕೂ ಇದ್ದವು. ದುರ್ಗಪ್ಪ ಬರುತ್ತಿದ್ದಾನೆಂದರೆ ಹತ್ತು ಮನೆಯವರು ಅಡ್ಡ ಬಂದು ನಿಲ್ಲುತ್ತಾರೆ. ಉಪಾಯ ಅವನಿಗೇ ಹೊಳೆಯಿತು. ಆ ಊರುಗಳ ವಾಲೀಕಾರರಿಗೆಲ್ಲ ಹೇಳಿ ಡಂಗುರ ಹೊಡೆಸಿದ. ನಮ್ಮೂರಿನಲ್ಲಿ ತಾನೇ ಹೊಡೆದ.

“ಕೇಳ್ರಪೋ ಕೇಳ್ರಿ! ಬರೂ ಐತಾರ ಮುಂಜಾನಿ ವಾಲೀಕಾರ ದುರ್ಗಪ್ಪ ಕೊಪ್ಪಳಕ್ಕ ಓಡ್ತಾನ! ಯಾರೂ ಸತ್ತಿಲ್ಲ! ಯಾರೂ ಗಾಬರಿ ಆಗಬ್ಯಾಡ್ರಿ!”

ಹುಟ್ಟಿದಾಗಿನಿಂದ ನಾನು ಎಷ್ಟೋ ಡಂಗುರ ಕೇಳಿದ್ದೇನೆ. ಯಾರೂ ಸತ್ತಿಲ್ಲ ಎಂಬ ಡಂಗುರ ಅದೊಂದೇ. ಕಟ್ಟೆಯ ಮೇಲಿನ ಹಿರಿಯರಿಗೆ ಮಾತ್ರ ಸಂಶಯ ಬಂತು. “ಯಾರೂ ಸತ್ತಿಲ್ಲಂದ್ರ ಡಂಗುರ ಯಾಕ ಹೊಡಸ್ತಾರೋ? ಯಾರೋ ಭಾಳ ದೊಡ್ಡವರ ಹೋಗಿರಬೇಕು” ಎಂದು ಅವರು ಮಾತಾಡಿಕೊಂಡರು.

ಭಾನುವಾರ ಬೆಳಕು ಹರಿಯುತ್ತಲೇ ಯಲಬುರ್ಗಿಯ ಬಸ್ ನಿಲ್ದಾಣದಿಂದ ಹೊರಟೆವು. ಡಾಕ್ಟರು ಕೊಡಿಸಿದ ಬಿಳಿ ಚಡ್ಡಿ, ಬನಿಯನ್ನು ತೊಟ್ಟು, ಬೂಟು ಒಲ್ಲೆನೆಂದು ಬರಿಗಾಲಲ್ಲಿ ನಿಂತಿದ್ದ ದುರ್ಗಪ್ಪ. ಕೋಲು ಮನೆಯಲ್ಲಿ ಬಿಟ್ಟು ಬಂದಿದ್ದರಿಂದ ಬಲಗೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೊದಲಿನ ಒಂದೆರಡು ಮೈಲಿ ಮುಷ್ಟಿ ಬಿಗಿದೇ ಓಡಿದ. ಕುಕನೂರು ಬಂತು. ಡಂಗುರ ಕೆಲಸ ಮಾಡಿತ್ತು. ಚಹದ ಅಂಗಡಿಯ ಮುಂದೆ ಜನ ಸಾಲಾಗಿ ನಿಂತು ನೋಡಿದರು, ಯಾರೂ ಅಡ್ಡ ಬರಲಿಲ್ಲ. ಒಬ್ಬ ಮಾತ್ರ, “ಖರೇನ ಯಾರೂ ಇಲ್ಲಲೇ?” ಎಂದು ಕೂಗಿದ. “ಇಲ್ರೀ!” ಎಂದು ದುರ್ಗಪ್ಪ ನಗುತ್ತ ಕೂಗಿದ. ಓಡುವಾಗ ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಭಾನಾಪುರ ದಾಟಿದೆವು. ನನ್ನ ತೊಡೆಗಳು ಸೈಕಲ್ಲಿಗೂ ನನಗೂ ಸಂಬಂಧ ಕಡಿದುಕೊಳ್ಳುವ ಹಂತಕ್ಕೆ ಬಂದಿದ್ದವು. ಅವನು ಒಂದೇ ಸಮ ಓಡುತ್ತಿದ್ದ.

ಮೂವತ್ತನೆಯ ಕಿಲೋಮೀಟರಿನ ಹತ್ತಿರ ರಸ್ತೆಗೆ ಹೊಂದಿಕೊಂಡು ಒಂದು ಸಣ್ಣ ಊರು. ಮೊದಲನೆಯ ಮನೆಯೇ ನೀಲವ್ವನದು. ಅವಳ ಮಗಳು ಗಂಗವ್ವನನ್ನು ನಮ್ಮೂರಿಗೆ ಕೊಟ್ಟಿತ್ತು. ಮೂರನೆಯ ಬಸಿರು, ದಿನ ತುಂಬಿತ್ತು. ಡಂಗುರ ಹೊಡೆದ ದಿನ ನೀಲವ್ವ ಅಕ್ಕಪಕ್ಕದ ಹೆಂಗಸರ ಜೊತೆ ಸಂತೆಗೆ ಹೋಗಿದ್ದಳಂತೆ, ನಮಗೇನು ಗೊತ್ತು? ಅಂಗಳ ಗುಡಿಸುತ್ತಿದ್ದವಳು ತಲೆಯೆತ್ತಿ ದುರ್ಗಪ್ಪನನ್ನು ಕಂಡಳು. ಕಸಬರಿಗೆ ಕೈಯಲ್ಲಿ ಹಿಡಿದುಕೊಂಡೇ ಬಂದು ರಸ್ತೆಯ ನಡುವೆ ಕುಸಿದು ಕೂತಳು.

“ಎಷ್ಟೊತ್ತಿಗೆ ಹೋದ್ಲೋ ನನ್ನ ಮಗಳು?”

ದುರ್ಗಪ್ಪ ನಿಂತ. “ಯಾರೂ ಹೋಗಿಲ್ಲ ಬೇ ಯವ್ವಾ. ಗಂಗವ್ವ ಆರಾಮ ಅದಾಳ.”

ಆರಾಮ ಅದಾಳ ಎಂದದ್ದೇ ತಡ, ಅವಳು ಬಾಯಿ ಬಿಟ್ಟು ಅತ್ತಳು. ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಓಡಿ ಬಂದು ಜೊತೆಗೂಡಿದರು. ನಾನು ಸೈಕಲ್ ಇಳಿದು, “ಅಳಬ್ಯಾಡ್ರೆವಾ, ಇದು ಓಟದ ಪರೀಕ್ಷಾ ಐತಿ” ಎಂದು ತಿಳಿಸಿ ಹೇಳಲು ಹೋದೆ. ನಾನು ಬಾಯಿ ಮುಚ್ಚಿಕೊಂಡು ಇರಬೇಕಾಗಿತ್ತು. “ಅಯ್ಯಯ್ಯೋ, ದವಾಖಾನಿ ವೀರಣ್ಣಾರೂ ಬಂದಾರ! ಕೂಸೂ ಉಳಿದಿಲ್ಲ ಅಂತೀನಿ!” ಎಂದು ನೀಲವ್ವ ಎದೆ ಬಡಿದುಕೊಂಡಳು. ಯಾವ ಪ್ರಾಣಿಗಳ ದವಾಖಾನೆ ಎಂದು ವಿವರಿಸುವ ಹೊತ್ತು ಅದಾಗಿರಲಿಲ್ಲ. ಯಾರೋ ಚಕ್ಕಡಿ ಹೂಡಲು ಓಡಿದರು. ಇನ್ಯಾರೋ ಅವಳ ಸೀರೆ ಗಂಟು ಕಟ್ಟತೊಡಗಿದರು.

ದುರ್ಗಪ್ಪ ನನ್ನ ಕಡೆ ನೋಡಿದ. “ಎಷ್ಟಾತ್ರಿ?”

“ಎರಡು ತಾಸು ಇಪ್ಪತ್ತೆಂಟು ನಿಮಿಷ.”

ಉಳಿದದ್ದು ಹನ್ನೆರಡು ಕಿಲೋಮೀಟರ್, ಕೈಯಲ್ಲಿದ್ದದ್ದು ಅರವತ್ತೆರಡು ನಿಮಿಷ. ಈಗಲೇ ಹೊರಟರೆ ಮುಟ್ಟುತ್ತಿದ್ದ. ನಾವು ಹೋದ ಮೇಲೆ ಡಂಗುರ ಕೇಳಿದವರು ಯಾರಾದರೂ ಬಂದು ಮುದುಕಿಯನ್ನು ಸಮಾಧಾನ ಮಾಡುತ್ತಿದ್ದರು, ಇಲ್ಲವೆ ಅವಳು ಚಕ್ಕಡಿಯಲ್ಲಿ ಅಳುತ್ತ ನಮ್ಮೂರಿಗೆ ಹೋಗಿ ಮಗಳನ್ನು ಕಂಡು ಸಮಾಧಾನಗೊಳ್ಳುತ್ತಿದ್ದಳು. “ನಡಿ ದುರ್ಗಪ್ಪ” ಎಂದೆ. ಹಾಗೆ ಅಂದದ್ದು ನಾನೇ. ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಅವನು ನಡೆದ, ಆದರೆ ಕೊಪ್ಪಳದ ಕಡೆಗಲ್ಲ. ನೀಲವ್ವನ ಮನೆಯ ಮುಂದಿನ ಕಟ್ಟೆಯ ಮೇಲೆ ಹೋಗಿ ಕೂತ. ಕೆಳಗಲ್ಲ, ಮೇಲೆ. ಅಳು ಒಮ್ಮೆಲೇ ನಿಂತಿತು.

“ಯವ್ವಾ, ಹೊಟ್ಟಿ ಹಸದೈತಿ. ರೊಟ್ಟಿ ಹಾಕು” ಎಂದ.

ನೀಲವ್ವ ಕಣ್ಣೀರು ಒರೆಸಿಕೊಳ್ಳದೆ ಅವನನ್ನೇ ನೋಡಿದಳು. ಸುದ್ದಿ ತಂದವನು ಕೂಡುವುದಿಲ್ಲ, ಉಣ್ಣುವುದಿಲ್ಲ. ಇವನು ಕೂತಿದ್ದಾನೆ, ಉಣ್ಣಲು ಕೇಳುತ್ತಿದ್ದಾನೆ. ಅವಳು ಎದ್ದು ಒಳಗೆ ಹೋಗಿ ಎರಡು ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ, ಅಂಚಿಗೆ ಶೇಂಗಾ ಚಟ್ನಿ ಹಾಕಿ ತಂದು ಅವನ ಕೈಗೆ ಕೊಟ್ಟಳು. ಕಟ್ಟೆ ಇಳಿ ಎಂದು ಅವಳು ಹೇಳಲಿಲ್ಲ, ಉಳಿದವರಿಗೂ ಹೇಳಬೇಕೆಂದು ಹೊಳೆಯಲಿಲ್ಲ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

ಅವನು ಅವಸರ ಮಾಡಲಿಲ್ಲ. ಗಬಗಬ ತಿಂದು ಓಡಿದರೆ ಅವಳಿಗೆ ಮತ್ತೆ ಸಂಶಯ ಬರುತ್ತದೆಂದು ತಿಳಿದವನು. ತುಣುಕು ತುಣುಕು ಮುರಿದು, ಪಲ್ಯ ಹಚ್ಚಿ, ಅಗಿದು ನುಂಗಿದ. ನೀರು ಕೇಳಿ ಕುಡಿದ. ಅರ್ಧ ಚೊಂಬು ಮುಗಿದಾಗ ನೀಲವ್ವ ಅವನ ಬೆನ್ನಿಗೆ ಧಪ್ ಎಂದು ಒಂದು ಗುದ್ದು ಹಾಕಿದಳು. “ಸುಮ್ಮ ಸುಮ್ಮಕ ಓಡ್ತಾರೇನೋ ಮೂಳಾ! ನನ್ನ ಜೀವಾನ ಹೋಗಿತ್ತು!” ಎಂದು ಬೈದಳು. ಬೈಯುತ್ತಲೇ, “ಇನ್ನೊಂದ ರೊಟ್ಟಿ ಹಾಕ್ಲಿ?” ಎಂದಳು. ಹೆಂಗಸರು ನಗತೊಡಗಿದರು.

ಇಷ್ಟಕ್ಕೆಲ್ಲ ಹನ್ನೆರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನನ್ನ ಹೆಬ್ಬೆರಳು, ತೋರುಬೆರಳು ಗಡಿಯಾರದ ಕೀಲಿಯ ಮೇಲೆಯೇ ಇದ್ದವು. ಕೀಲಿಯನ್ನು ಹೊರಗೆಳೆದರೆ ಮುಳ್ಳು ನಿಲ್ಲುತ್ತದೆ, ಒಳಗೊತ್ತಿದರೆ ಮತ್ತೆ ನಡೆಯುತ್ತದೆ. ಎಳೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಎಳೆಯಲಿಲ್ಲ.

ಹೊಟ್ಟೆ ತುಂಬ ರೊಟ್ಟಿ ಹೊತ್ತು ಅವನು ಹೇಗೆ ಓಡಿದನೋ! ವೇಗ ಒಂದಿಷ್ಟೂ ತಗ್ಗಲಿಲ್ಲ. ಕೊಪ್ಪಳದ ಮೈದಾನದ ಕೊನೆಯ ಸುತ್ತು ಮುಗಿಸಿ ಡಾಕ್ಟರರ ಸ್ಕೂಟರಿಗೆ ಕೈಯೂರಿ ನಿಂತ. ಡಾಕ್ಟರು ಫಾರಂ ತೆಗೆದು ಪೆನ್ನು ಬಿಚ್ಚಿದರು. ನಾನು ಉಬ್ಬಸ ಬಿಡುತ್ತ ನಡೆದುದನ್ನೆಲ್ಲ ಹೇಳಿದೆ.

“ಊಟದ ಹೊತ್ತು ಕಳೆದರೆ ಎಷ್ಟಾಗುತ್ತೆ?” ಎಂದು ಕೇಳಿದರು.

“ಕಳದ್ರ ಮೂರು ತಾಸು ಇಪ್ಪತ್ತೊಂಬತ್ತು.”

“ಕಳೆಯದಿದ್ದರೆ?”

“ಮೂರು ನಲವತ್ತೊಂದು.”

ಡಾಕ್ಟರು ನನ್ನ ಮುಖ ನೋಡಿದರು. “ನೋಡಿ ವೀರಣ್ಣ, ನಾನು ಅಲ್ಲಿರಲಿಲ್ಲ. ನೀವು ಹೇಳಿದ್ದನ್ನು ಬರೀತೀನಿ.”

ರೇಡಿಯೋ ಸಮಯಕ್ಕೆ ಮುಳ್ಳು ಕೂಡಿಸುವ ಮನುಷ್ಯ ನಾನು. “ಮೂರು ನಲವತ್ತೊಂದು” ಎಂದೆ. ಆ ಕ್ಷಣ ನನಗೆ ನನ್ನ ಬಗ್ಗೆ ಭಾರಿ ಹೆಮ್ಮೆಯಾಯಿತು. ಆ ಹೆಮ್ಮೆ ದುರ್ಗಪ್ಪನ ಮುಖ ನೋಡುವವರೆಗೆ ಉಳಿಯಿತು. ಅವನು ಫಾರಂ ಕಡೆಗೆ ನೋಡುತ್ತಿದ್ದ. ಇಂಗ್ಲಿಷ್ ಓದಲು ಬರದವನು ಅದರಲ್ಲಿ ಏನು ನೋಡುತ್ತಿದ್ದನೋ. ಆಮೇಲೆ ನಿಧಾನವಾಗಿ ಹೇಳಿದ, “ಬರೋಬ್ಬರಿ ಹೇಳಿದ್ರಿ ಬಿಡ್ರಿ. ನಾವು ಇದ್ದದ್ದನ್ನ ಕಡಿಮಿ ಮಾಡಿ ಹೇಳಿ ಹೇಳಿ ಏನಾಗೈತಿ ನೋಡಿದ್ರಲ್ಲ. ಇವತ್ತ ಖರೇ ಹೇಳಿದ್ರೂ ಆ ಮುದುಕಿ ನಂಬಲಿಲ್ಲ.”

ಡಾಕ್ಟರು ಇದ್ದದ್ದು ಇದ್ದಹಾಗೆ ಬರೆದು, ಸಿಕ್ಕಾ ಒತ್ತಿ, ಹನ್ನೆರಡು ನಿಮಿಷದ ಕಾರಣವನ್ನೂ ಇಂಗ್ಲಿಷಿನಲ್ಲಿ ಷರಾ ಹಾಕಿ ಕಳಿಸಿದರು. ಎರಡು ಸಾಲಿನ ಉತ್ತರ ಬಂತು. ಆಗುವುದಿಲ್ಲ ಎಂದಿತ್ತು. ದುರ್ಗಪ್ಪನಿಗೆ ಅದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವನ ಗುಡಿಸಲ ಮುಂದೆ ನಿಂತು ಬಾಯಿ ತೆಗೆಯಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಂಥ ಸುದ್ದಿಗಳನ್ನು ಅವನು ಹತ್ತನೆಯ ವಯಸ್ಸಿನಿಂದ ಹೊತ್ತು ತಿರುಗಿದ್ದ. ಗಂಗವ್ವ ಅಷ್ಟರಲ್ಲಿ ಹೆಣ್ಣು ಹಡೆದಿದ್ದಳು. ಆ ಸುದ್ದಿ ರೂಢಿಯಂತೆ ಸಕ್ಕರೆಯ ಜೊತೆ ಬಸ್ಸಿನಲ್ಲಿ ಹೋಯಿತು.

ಮರುವರ್ಷ ಡಾಕ್ಟರರಿಗೆ ಗಂಗಾವತಿಗೆ ವರ್ಗವಾಯಿತು. ಅಲ್ಲಿಂದ ಪತ್ರ ಬರೆದರು, ದುರ್ಗಪ್ಪನನ್ನು ಕರೆದುಕೊಂಡು ಬನ್ನಿ ಎಂದು. ಕಾಲುವೆಯ ಆ ಸೀಮೆಯಲ್ಲಿ ಗದ್ದೆ ಮಾಡುವ ತೆಲುಗರು ಹೆಚ್ಚು, ನಮ್ಮೂರವರ ಬೀಗತನ ಒಂದೂ ಇಲ್ಲ. ಕಾಲುವೆ ರಸ್ತೆಯಲ್ಲಿ ದುರ್ಗಪ್ಪ ಓಡಿದರೆ ಗದ್ದೆಯಲ್ಲಿ ಬಗ್ಗಿದವರು ಸೊಂಟ ಎತ್ತಿಯೂ ನೋಡಲಿಲ್ಲ. ಮೂರು ತಾಸು ಇಪ್ಪತ್ತಾರು ನಿಮಿಷ. ಈ ಸಲ ನಾನು ಏನನ್ನೂ ಹೇಳಬೇಕಾಗಿ ಬರಲಿಲ್ಲ, ಡಾಕ್ಟರು ತಾವೇ ಜೊತೆಗಿದ್ದು ನೋಡಿದರು. ಒಪ್ಪಿಗೆ ಬಂತು. ಬೊಂಬಾಯಿಗೆ ದುಡಿಯಲು ಹೋಗುವ ನಮ್ಮ ಕಡೆಯವರ ಗುಂಪಿನೊಂದಿಗೆ ಅವನು ರೈಲು ಹತ್ತಿದ.

ಎಷ್ಟನೆಯವನಾಗಿ ಬಂದನೆಂದು ನನಗೆ ತಿಳಿಯದು, ಅವನಿಗೂ ತಿಳಿದಿರಲಿಲ್ಲ. ಎದೆಗೆ ಕಟ್ಟಿದ್ದ ನಂಬರಿನ ಬಟ್ಟೆಯನ್ನು ಅವನ ಹೆಂಡತಿ ಮಜ್ಜಿಗೆ ಗಡಿಗೆಯ ಬಾಯಿಗೆ ಮುಚ್ಚಿದ್ದಳು. ಊರಿಗೆ ಬಂದ ವಾರಕ್ಕೆ ದವಾಖಾನೆಗೆ ಬಂದ. ಹೊಸ ಡಾಕ್ಟರು ಇನ್ನೂ ಬಂದಿರಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು.

“ಹೆಂಗಾತು?” ಎಂದೆ.

“ರಸ್ತೆದ ಎರಡೂ ಬಾಜೂಕ ಮಂದಿ ನಿಂತಿದ್ರಿ. ಸಾವಿರಗಟ್ಟಲೆ. ಒಬ್ರೂ ಏನೂ ಕೇಳ್ಲಿಲ್ಲ ನೋಡ್ರಿ. ಎಲ್ಲಾರೂ ನಗಾಕ ಹತ್ತಿದ್ರು.”

“ನೀ ಬಯಸಿದ್ದ ಆತಲ್ಲ.”

“ಹೌದ್ರಿ. ಮೊದಲ ಭಾಳ ಛಲೋ ಅನ್ನಿಸ್ತು. ಅರ್ಧಾ ದಾಟಿದ ಮ್ಯಾಲ ಒಂಥರಾ ಆಗಾಕ ಹತ್ತಿತ್ರಿ. ಇಷ್ಟ ದೂರಿಂದ ಓಡಿ ಬಂದೀನಿ, ಎಲ್ಲೀಂವಪಾ, ಊರಾಗ ಎಲ್ಲಾರೂ ಹೆಂಗದಾರಪಾ ಅಂತ ಒಬ್ರರ ಕೇಳವಲ್ರಲ್ಲ ಅಂತ.”

“ಆಮ್ಯಾಲೆ?”

“ಒಂದ ಕಡೆ ಒಬ್ಬ ಅಜ್ಜಾರು ನೀರ ಕೊಡಾಕ ನಿಂತಿದ್ರಿ. ನನಗ ತಡೀಲಿಲ್ಲ, ನಿಂತೆ. ನೀರ ಕುಡದೆ. ಕುಡದು, ನಾನ ಹೇಳೇಬಿಟ್ಟೆ. ‘ಯಾರೂ ಸತ್ತಿಲ್ರಿ ಯಜ್ಜಾರ, ನಮ್ಮ ಕಡೆ ಎಲ್ಲಾರೂ ಆರಾಮ ಅದಾರ’ ಅಂದೆ.”

“ಕನ್ನಡದಾಗ?”

“ಮತ್ತ? ನನಗ ಬ್ಯಾರೆ ಯಾ ಮಾತ ಬರ್ತೈತ್ರಿ?”

“ಅವ್ರು ಏನಂದ್ರು?”

“ಚಪ್ಪಾಳಿ ಹೊಡದ್ರಿ” ಎಂದ ದುರ್ಗಪ್ಪ. “ಅವ್ರು ಹೊಡದಿದ್ದ ನೋಡಿ ಅಲ್ಲಿದ್ದವ್ರೆಲ್ಲಾ ಹೊಡದ್ರು.”